ಬಾಗಿಲ ಮೇಲೆ ಪುಷ್ಪಾವತಿ ಬರೆದ ಗುರುತು

ಫರೀದಾಬಾದಿನ ಕಾರ್ಖಾನೆಗಳ ಹಿಂದಿನ ಆ ಗಲ್ಲಿಗೆ ನೀರಿನ ಟ್ಯಾಂಕರ್ ಬರುತ್ತಿದ್ದುದು ಬೆಳಿಗ್ಗೆ ಏಳಕ್ಕೆ. ಹೆಂಗಸರು ಆರಕ್ಕೇ ಬಕೆಟ್ ಸಾಲಿಟ್ಟು ಕಾಯುತ್ತಿದ್ದರು. ಪುಷ್ಪಾವತಿ ಪೋಲಿಯೊ ಹನಿಯ ಮಾತು ತೆಗೆಯುತ್ತಿದ್ದುದು ಅಲ್ಲಿ. ಮೈಕು ಕಟ್ಟಿದ ಜೀಪು ಕೂಗಿಕೊಂಡು ಹೋದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಆದರೆ ಬಕೆಟ್ ಹಿಡಿದು ತಮ್ಮ ಜೊತೆಗೇ ನಿಂತವಳ ಮಾತನ್ನು ಕೇಳದೆ ಇರಲಾಗುತ್ತಿರಲಿಲ್ಲ.

ಅವಳ ಊರು ಮೂಡುಬಿದಿರೆಯ ಹತ್ತಿರ. ಗಂಡ ತುಕ್ರ ಉಡುಪಿ ಕಡೆಯವರ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರಿಂದ ಅವಳಿಗೆ ಈ ಕೆಲಸ ಸಿಕ್ಕಿತ್ತು. ಹನಿ ಹಾಕುವ ಪ್ರತಿ ಸುತ್ತಿಗೂ ಮೊದಲು ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಬೇಕು. ಬೂತಿಗೆ ಬಾರದ ಮಕ್ಕಳಿಗೆ ಮನೆಗೇ ಹೋಗಿ ಹನಿ ಹಾಕಿ, ಎಡಗೈ ಕಿರುಬೆರಳಿಗೆ ಮಸಿ ಹಚ್ಚಿ, ಬಾಗಿಲಿಗೆ ಸೀಮೆಸುಣ್ಣದಲ್ಲಿ ‘ಪಿ’ ಎಂದು ಬರೆಯಬೇಕು. ಮಗು ತಪ್ಪಿದ ಮನೆಗೆ ‘ಎಕ್ಸ್’. ಎಕ್ಸ್ ಬಿದ್ದ ಮನೆಗೆ ಮರುದಿನ ಮೇಲಿನವರು ಜೀಪಿನಲ್ಲಿ ಬರುತ್ತಿದ್ದರು, ಕೆಲವೊಮ್ಮೆ ಪೊಲೀಸಿನವನೂ ಜೊತೆಗಿರುತ್ತಿದ್ದ.

೨೦೦೬ರಲ್ಲಿ ನಾನು ವಸಂತ್ ಕುಂಜ್ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೆ. ಜನ ಹನಿಯನ್ನು ಯಾಕೆ ಬೇಡವೆನ್ನುತ್ತಾರೆ ಎಂಬ ಅಧ್ಯಯನವೊಂದಕ್ಕೆ ಫಾರಂ ತುಂಬುವ ಕೆಲಸ ಹಿಡಿದು ಆ ಗಲ್ಲಿಗೆ ಹೋದೆ. ‘ನಿಮ್ಮ ಕಡೆಯವಳೇ ಒಬ್ಬಳಿದ್ದಾಳೆ, ಮದ್ರಾಸನ್’ ಎಂದು ಚಹಾದಂಗಡಿಯ ಭಯ್ಯಾ ತೋರಿಸಿದ. ಮೂರನೇ ಭೇಟಿಗೆ ಅವಳು ನನಗೆ ಅಕ್ಕನಾಗಿದ್ದಳು.

ಅವಳ ಹಿಂದಿ ಕೇಳಿ ಗಲ್ಲಿಯೇ ನಗುತ್ತಿತ್ತು. ಹಿಂದಿಯಲ್ಲಿ ಬಾಯಿ ಎಂಬುದು ಗಂಡೋ ಹೆಣ್ಣೋ ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನಕ್ಕವರ ಜೊತೆ ತಾನೂ ನಗುತ್ತಿದ್ದಳು. ಯಾರಾದರೂ ‘ದೀದಿ, ನಲ್ಲಿ ಕೇಳಿದರೆ ಹನಿ ತರ್ತೀರಲ್ಲ’ ಎಂದು ಚುಚ್ಚಿದರೆ, ‘ನಾನೂ ಬಕೆಟ್ ಹಿಡಿದೇ ನಿಂತಿದ್ದೀನಲ್ಲ’ ಎನ್ನುತ್ತಿದ್ದಳು. ಪ್ರತಿ ಸುತ್ತಿನಲ್ಲೂ ನಾಲ್ಕು ವರ್ಷದ ಮಗಳು ಪ್ರಜ್ಞಾಳನ್ನು ಬೂತಿನ ಮುಂದೆ ನಿಲ್ಲಿಸಿ, ಎಲ್ಲರೂ ನೋಡುವಂತೆ ಮೊದಲ ಹನಿಯನ್ನು ಅವಳಿಗೇ ಹಾಕುತ್ತಿದ್ದಳು. ಆ ವರ್ಷ ಅವಳ ಪಟ್ಟಿಯಲ್ಲಿ ಒಂದೂ ಎಕ್ಸ್ ಇರಲಿಲ್ಲ.

ಇರಬೇಕಿತ್ತು. ಹಸಿರು ಬಾಗಿಲಿನ ಮನೆಯ ರಾಮ್‌ರತಿಯದು.

ರಾಮ್‌ರತಿಯ ಮೊದಲ ಮಗು ಊರಿನಲ್ಲಿ ಜ್ವರ ಬಂದು ಸತ್ತಿತ್ತು. ಅದಕ್ಕೆ ಒಂದು ವಾರ ಮೊದಲು ಹನಿ ಹಾಕಿದ್ದರು. ಹನಿಯಿಂದಲೇ ಹೋಯಿತೆಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಗಂಡನಿಗೂ ಅತ್ತೆಗೂ ಹೇಳಿದವಳಲ್ಲ. ಆ ಜ್ವರವೇ ಬೇರೆ, ಹನಿಗೂ ಅದಕ್ಕೂ ಸಂಬಂಧವಿಲ್ಲವೆಂದು ಪುಷ್ಪಾವತಿ ಎಷ್ಟೋ ಸಲ ಹೇಳಿದಳು. ಎರಡನೆಯ ಮಗು ಬಿಟ್ಟೂನನ್ನು ಎದೆಗೆ ಒತ್ತಿಕೊಂಡು ರಾಮ್‌ರತಿ ಬೇಡಿಕೊಂಡಳು: ‘ಈ ಸಲ ಬಿಡು ದೀದಿ. ಮುಂದಿನ ಸಲ ನಾನೇ ತರ್ತೀನಿ. ಎಕ್ಸ್ ಬರೆದರೆ ಜೀಪು ಬರತ್ತೆ, ಇವರಿಗೆ ಗೊತ್ತಾಗತ್ತೆ, ನನ್ನ ಚರ್ಮ ಸುಲೀತಾರೆ.’

ಜೋರು ಮಾಡಿದರೆ ಈ ಬಾಗಿಲು ಇನ್ನು ತೆರೆಯುವುದೇ ಇಲ್ಲ ಎಂದು ಪುಷ್ಪಾವತಿ ಲೆಕ್ಕ ಹಾಕಿದಳು. ಕೂಸಿನ ಬೆರಳಿಗೆ ಮಸಿ ಹಚ್ಚಿದಳು, ಬಾಗಿಲಿಗೆ ಪಿ ಬರೆದಳು. ಮುಂದಿನ ಸಲವೂ ರಾಮ್‌ರತಿ ಅದನ್ನೇ ಹೇಳಿದಳು. ಅದರ ಮುಂದಿನ ಸಲವೂ. ಮೂರು ಪಿ ಬಿದ್ದವು. ಬಿಟ್ಟೂನ ಬಾಯಿಗೆ ಒಂದು ಹನಿಯೂ ಬೀಳಲಿಲ್ಲ.

ಅಕ್ಟೋಬರಿನಲ್ಲಿ ಹತ್ತು ತಿಂಗಳ ಬಿಟ್ಟೂ ಮಂಚದ ಕಾಲು ಹಿಡಿದು ನಿಲ್ಲಲು ಕಲಿತಿದ್ದ. ಎರಡು ದಿನ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಬಲಗಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಸರ್ಕಾರಿ ಡಾಕ್ಟರು ಬಂದು ಮಲದ ಮಾದರಿ ಪರೀಕ್ಷೆಗೆ ಕಳಿಸಿದರು. ‘ಹನಿ ಎಷ್ಟು ಸಲ ಹಾಕಿಸಿದ್ದೀರಿ?’ ಎಂದಾಗ ರಾಮ್‌ರತಿಯ ಗಂಡ ಸುರ್ಜನ್ ಮೂರು ಬೆರಳು ತೋರಿಸಿದ. ರಾಮ್‌ರತಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಪುಷ್ಪಾವತಿ ಬಾಗಿಲಲ್ಲಿದ್ದಳು. ಇಬ್ಬರೂ ಆ ಲೆಕ್ಕವನ್ನು ತಿದ್ದಲಿಲ್ಲ. ತಿಂಗಳ ನಂತರ ಪೋಲಿಯೊ ಎಂದೇ ವರದಿ ಬಂತು.

ಗಲ್ಲಿಗೆ ಉಳಿದದ್ದು ಒಂದೇ ಮಾತು: ಮೂರು ಸಲ ಹನಿ ಹಾಕಿಸಿದ ಮಗುವಿನ ಕಾಲು ಹೋಯಿತು. ನಾನು ಫಾರಂ ಹಿಡಿದು ಹೋದಾಗ ಹನ್ನೊಂದು ಮನೆಯವರು ಮುಂದಿನ ಸುತ್ತಿಗೆ ಬೇಡವೆಂದರು. ‘ಹನಿಯಲ್ಲಿ ನಂಬಿಕೆ ಇಲ್ಲ’ ಎಂಬ ಸಾಲಿನ ಎದುರು ಹನ್ನೊಂದು ಸಲ ಗುರುತು ಹಾಕಿಕೊಂಡು ಅಕ್ಕನ ಮನೆಗೆ ಹೋದೆ. ಅಂದು ಅವಳು ಎಲ್ಲ ಹೇಳಿದಳು.

‘ನೀವು ಓದಿದವರು, ತಿಪ್ಪೇಸ್ವಾಮಿ. ಏನು ಮಾಡ್ಲಿ ಹೇಳಿ.’

ನಾನು ಚಹಾದ ಲೋಟ ನೋಡುತ್ತ ಕೂತೆ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಊರಿನವರೂ ಹೀಗೇ ಕೇಳುತ್ತಿದ್ದರು.

ತುಕ್ರನೇ ಮಾತಾಡಿದ. ‘ಬಾಯಿ ಮುಚ್ಚಿಕೊಂಡು ಇರು ಮಾರಾಯ್ತಿ. ನಿನ್ನನ್ನು ಹಿಡಿದುಕೊಂಡು ಹೋದ್ರೆ ಇವಳ ಜಡೆ ಯಾರು ಹಾಕುದು? ನನಗೆ ದೋಸೆ ಮಗುಚಲಿಕ್ಕೆ ಮಾತ್ರ ಬರುದು.’

‘ಪಪ್ಪಾ ಚೋಟಿ ಟೇಢಿ ಹಾಕ್ತಾರೆ, ಸೊಟ್ಟ’ ಎಂದಳು ಪ್ರಜ್ಞಾ.

ಪುಷ್ಪಾವತಿ ನಗಲಿಲ್ಲ. ‘ಆ ಹನ್ನೊಂದು ಮನೆಯಲ್ಲಿ ಹದಿನಾರು ಮಕ್ಕಳಿದ್ದಾವೆ ಮಾರಾಯ್ರೆ. ಹನಿ ಸೋತದ್ದಲ್ಲ ಅಂತ ಗೊತ್ತಿರುದು ಇಬ್ಬರಿಗೇ. ರಾಮ್‌ರತಿ ಹೇಳ್ಲಿಕ್ಕಿಲ್ಲ. ಹೇಳಿದ್ರೆ ಅವಳನ್ನು ಮನೆಯಿಂದ ಹೊರಗೆ ಹಾಕ್ತಾರೆ.’

ಮರುದಿನ ಮೊದಲ ಬಸ್ಸಿಗೆ ಬರಲು ಹೇಳಿದಳು. ನಾನು ಹೋದಾಗ ಬಕೆಟ್‌ಗಳ ಸಾಲು ಆಗಲೇ ಬೆಳೆದಿತ್ತು. ಚಳಿಗೆ ಎಲ್ಲರ ಬಾಯಿಂದ ಹೊಗೆಯಂಥ ಉಸಿರು ಬರುತ್ತಿತ್ತು.

‘ಬಂದಳು ನೋಡು ದೋಸೆವಾಲಿ. ಇವತ್ತು ಯಾರ ಕಾಲು ಬೇಕಂತೆ?’ ಎಂದಳು ಒಬ್ಬ ಮುದುಕಿ.

ಪುಷ್ಪಾವತಿ ಬಕೆಟ್ ಕೆಳಗಿಟ್ಟಳು. ‘ಬಿಟ್ಟೂಗೆ ಹನಿ ಹಾಕಿಲ್ಲ. ಮೂರು ಸಲವೂ ಇಲ್ಲ. ಹಾಕದೆಯೇ ನಾನು ಪಿ ಬರೆದೆ’ ಎಂದಳು, ತನ್ನ ಅದೇ ಮುರುಕು ಹಿಂದಿಯಲ್ಲಿ. ಅಂದು ಯಾರೂ ನಗಲಿಲ್ಲ.

ಫ್ಯಾಕ್ಟರಿಗೆ ಹೊರಟಿದ್ದ ಸುರ್ಜನ್ ಸೈಕಲ್ ನಿಲ್ಲಿಸಿದ. ‘ಬೆರಳಿಗೆ ಮಸಿ ಇತ್ತಲ್ಲ?’

‘ಅದನ್ನೂ ನಾನೇ ಹಚ್ಚಿದ್ದು.’

‘ಯಾಕೆ? ಯಾರು ಬೇಡ ಅಂದಿದ್ದು?’

ಸಾಲಿನ ತುದಿಯಲ್ಲಿ ರಾಮ್‌ರತಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಪುಷ್ಪಾವತಿ ಅತ್ತ ನೋಡಲಿಲ್ಲ. ‘ಬರೆದವಳು ನಾನು’ ಎಂದಳು.

ಸುರ್ಜನ್ ಸೈಕಲ್ ಬಿಟ್ಟು ಮುಂದೆ ಬಂದ. ಅದು ಬಕೆಟ್‌ಗಳ ಮೇಲೆ ಬಿತ್ತು. ಅವನು ಎತ್ತಿದ ಕೈಯನ್ನು ಇಬ್ಬರು ಹೆಂಗಸರು ಹಿಡಿದುಕೊಂಡರು. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ಅದೇ ಮುದುಕಿ ಕೇಳಿದಳು: ‘ಅಚ್ಛಾ, ಹಾಗಾದರೆ ನಮ್ಮ ಬಾಗಿಲಿಗೆ ಬರೆದದ್ದು?’

‘ನಿಮ್ಮದು ನಿಜ. ಆ ಮನೆ ಒಂದೇ.’

‘ನಾವು ನಂಬಬೇಕು?’

ಪುಷ್ಪಾವತಿ ಉರುಳಿದ ಬಕೆಟ್‌ಗಳನ್ನು ಎತ್ತಿ ಸಾಲಿಗೆ ಇಡತೊಡಗಿದಳು. ಆರು ವರ್ಷ ಆ ಸಾಲಿನಲ್ಲಿ ನಿಂತು ಗಳಿಸಿದ್ದೆಲ್ಲ ಟ್ಯಾಂಕರ್ ಬರುವಷ್ಟರಲ್ಲಿ ಮುಗಿದಿತ್ತು. ಆ ಮಧ್ಯಾಹ್ನ ತಾನೇ ಹೋಗಿ ಡಾಕ್ಟರಿಗೆ ಇದನ್ನೇ ಬರೆದುಕೊಟ್ಟಳು. ಕೆಲಸ ಹೋಯಿತು.

ಜನವರಿಯ ಸುತ್ತಿಗೆ ಬೇರೆ ಹುಡುಗಿ ಬಂದಳು. ಹನಿಯ ಪೆಟ್ಟಿಗೆ ಕೆಳಗಿಟ್ಟು ಅವಳು ಮೊದಲು ಬೆರಳಿಗೆ ಮಸಿ ಹಚ್ಚುವ ಮಾರ್ಕರ್ ಪೆನ್ನು ತೆಗೆದಳು. ‘ಪೆನ್ನು ಒಳಗಿಡು’ ಎಂದಳು ಆ ಮುದುಕಿ. ‘ಮೊದಲು ಹಾಕು, ಆಮೇಲೆ ಬರಿ.’ ಅಂದು ಗಲ್ಲಿಯ ಹೆಂಗಸರು ಒಬ್ಬರ ಮಗುವಿನ ಬಾಯೊಳಗೆ ಇನ್ನೊಬ್ಬರು ಬಗ್ಗಿ ನೋಡಿದರು. ಬಿದ್ದ ಎರಡೂ ಹನಿಯನ್ನು ‘ಏಕ್, ದೋ’ ಎಂದು ಗಟ್ಟಿಯಾಗಿ ಎಣಿಸಿದರು. ಹನ್ನೊಂದರಲ್ಲಿ ಎಂಟು ಮನೆಯವರು ಬಂದಿದ್ದರು. ಮೂರು ಮನೆ ಬರಲಿಲ್ಲ.

ಪುಷ್ಪಾವತಿ ಪ್ರಜ್ಞಾಳ ಕೈ ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಅವಳ ಮುಂದೆ ಎರಡು ಅಡಿ ಜಾಗ ಬಿಟ್ಟು ರಾಮ್‌ರತಿ. ತಿರುಗಿ ನೋಡಲಿಲ್ಲ. ಸರದಿ ಬಂದಾಗ ಬಿಟ್ಟೂ ಬಾಯಿ ಬಿಗಿಹಿಡಿದ. ರಾಮ್‌ರತಿ ಕಣ್ಣು ಮುಚ್ಚಿಕೊಂಡು, ತಾನೇ ಅವನ ಕೆನ್ನೆ ಒತ್ತಿ ಬಾಯಿ ತೆರೆಸಿದಳು. ಅವಳ ಸೊಂಟದ ಆಚೆ ಬದಿಯಲ್ಲಿ ಮಗುವಿನ ಎಡಗಾಲು ಜೋರಾಗಿ ಒದೆಯುತ್ತಿತ್ತು. ಬಲಗಾಲು ಸುಮ್ಮನೆ ಇತ್ತು.

ಹುಡುಗಿ ಹನಿ ಹಾಕಿದಳು. ಯಾರೂ ಎಣಿಸಲಿಲ್ಲ.

‘ಏಕ್’ ಎಂದಳು ಪುಷ್ಪಾವತಿ, ಹಿಂದಿನಿಂದ, ಮೆಲ್ಲಗೆ. ‘ದೋ.’