ರಾಣಿ ಬಣ್ಣದ ಹೊದಿಕೆ

ಅರವತ್ತೊಂದನೇ ವಯಸ್ಸಿನಲ್ಲಿ, ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ನಾನು ಉಲ್ಲನ್ ಹೊದಿಕೆ ಹೆಣೆಯುತ್ತ ಕೂತಿದ್ದೆ ಎಂದರೆ ನೀವು ನಗುತ್ತೀರಿ. ನಗಿರಿ, ಎಸ್.ಎಸ್. ಬಡಾವಣೆಯ ನಮ್ಮ ಬೀದಿಯೆಲ್ಲ ನಕ್ಕಾಗಿದೆ. ಫ್ಯಾನು ಹಾಕಿದರೆ ಬಿಸಿಗಾಳಿಯೇ ಬೀಸುವ ಊರಿದು. ಎದುರುಮನೆಯವರಂತೂ ಗೇಟಿನ ಬಳಿ ನಿಂತು, "ಏನ್ ಸಾರ್, ಕಾಶ್ಮೀರಕ್ಕೆ ಟ್ರಾನ್ಸ್‌ಫರ್ ಆಯ್ತೇನ್ರಿ?" ಎಂದರು. ನಾನು ರಿಟೈರ್ ಆಗಿ ಒಂದು ವರ್ಷವಾಗಿದೆ.

ಹೊದಿಕೆ ಭಾನುವಳ್ಳಿಯ ನನ್ನ ಅಕ್ಕನಿಗೆ. ಚಿಕ್ಕಂದಿನಿಂದಲೂ ಅವಳಿಗೆ ಎರಡೇ ಬಣ್ಣಗಳ ಹುಚ್ಚು: ಕಡು ಗುಲಾಬಿಯ ರಾಣಿ ಬಣ್ಣ, ಗಿಣಿ ಹಸಿರು. ಆರು ವರ್ಷದ ಹಿಂದೆ ಭಾವ ತೀರಿಕೊಂಡ ಮೇಲೆ, ಯಾರೂ ಹೇಳದಿದ್ದರೂ, ತಾನಾಗಿಯೇ ಬೂದಿ ಬಣ್ಣದ ಸೀರೆಗಳಿಗೆ ಇಳಿದಳು. ಕಳೆದ ಪಂಚಮಿಗೆ ನಾನು ರಾಣಿ ಬಣ್ಣದ ಸೀರೆ ಒಯ್ದರೆ, "ಬ್ಯಾಡಪ್ಪ, ನೋಡಿದೋರು ಏನಂತಾರೆ" ಎಂದು ಟ್ರಂಕಿಗೆ ಹಾಕಿದಳು. ಹಾಕುವ ಮುಂಚೆ ಸೆರಗನ್ನೊಮ್ಮೆ ಸವರಿದಳು. ತಮ್ಮನೇ ಕೈಯಾರೆ ಹೆಣೆದು ತಂದದ್ದನ್ನು ಒಲ್ಲೆ ಎನ್ನಲಾರಳು ಎಂದುಕೊಂಡು ಕಡ್ಡಿ ಹಿಡಿದೆ.

ಹೆಣಿಗೆಯಲ್ಲಿ ನನಗೆ ಗುರು ನನ್ನ ಹೆಂಡತಿ. ಗೀಜಗ ಹಕ್ಕಿಗಳಲ್ಲಿ ಗೂಡು ಹೆಣೆಯುವುದು ಗಂಡೇ ಅಂತೆ. ಹೆಣ್ಣು ಆಮೇಲೆ ಬಂದು ತಪ್ಪು ಹುಡುಕುತ್ತದಂತೆ. ಎಲ್ಲೋ ಓದಿದ್ದೆ, ಈಗ ನಂಬಿದೆ. ಪ್ರತಿ ಸಾಲಿನ ತುದಿಯಲ್ಲೂ ನನಗರಿವಿಲ್ಲದೆ ಒಂದೊಂದು ಕುಣಿಕೆ ಹೆಚ್ಚಾಗಿ, ಹೊದಿಕೆ ಮೇಲೆ ಕಿರಿದು, ಕೆಳಗೆ ಅಗಲವಾಗಿತ್ತು.

"ಕುಣಿಕೆ ಎಣಿಸ್ರಿ ಅಂದ್ರೆ ಕೇಳಂಗಿಲ್ಲ. ಇದೇನು ಹೊದಿಕೇನೋ, ಲಂಗಾನೋ?" ಎಂದಳು ನನ್ನಾಕೆ. ಬಿಚ್ಚಿ ಮತ್ತೆ ಹೆಣೆಯಿರಿ ಎಂದೂ ಅಂದಳು. ನಾನು ಬಿಚ್ಚದೆ ಮುಂದಿನ ಸಾಲು ಶುರು ಮಾಡಿದೆ.

ಹರಿಹರದಲ್ಲಿ ಬಸ್ಸು ಬದಲಿಸಿ ಭಾನುವಳ್ಳಿ ತಲುಪಿದೆ. ಅಕ್ಕ ಹೊದಿಕೆ ಬಿಡಿಸಿ ಹರಡಿದಳು. ನಡುಮನೆಯೆಲ್ಲ ರಾಣಿ ಬಣ್ಣ, ಅಂಚಿಗೆ ಗಿಣಿ ಹಸಿರು. ಅವಳು ಅಂಚನ್ನೊಮ್ಮೆ ಸವರಿದಳು. ಇದೂ ಟ್ರಂಕಿಗೇ ಹೋಯಿತಲ್ಲಪ್ಪಾ ಎಂದುಕೊಂಡೆ.

ಅಕ್ಕ ಬಾಗಿಲಾಚೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮಂದಿ ಮಾತಾಡೋದು ಉಟ್ಕಂಡ್ರೆ ಅಲ್ವೇನೋ? ಇದನ್ನ ಹೊದ್ಕಳೋದು ತಾನೆ?"

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ನಿಯಮಗಳ ಸಂದುಗೊಂದು ಹುಡುಕಿದವನು ನಾನು. ಇಂಥದ್ದು ನನಗೂ ಹೊಳೆದಿರಲಿಲ್ಲ.

"ಹೌದಕ್ಕಾ, ಹೊದಿಯೋದಕ್ಕೆ ಯಾವ ಅಡ್ಡಿನೂ ಇಲ್ಲ" ಎಂದೆ.

ಅಗಲದ ಕಡೆಯನ್ನು ಕೆಳಗೆ ಬಿಟ್ಟು ಹೆಗಲ ತುಂಬ ಹೊದ್ದುಕೊಂಡವಳೇ ಮಟಮಟ ಮಧ್ಯಾಹ್ನ ಜಗಲಿಗೆ ಹೋಗಿ ಕೂತಳು. ಪಕ್ಕದ ಮನೆಯಾಕೆ ಹೌಹಾರಿ, "ಯಾಕಕ್ಕಾ, ಜ್ವರ ಏನಾರ ಬಂದೈತೇನು?" ಎಂದು ಕೇಳಿದಳು.

"ಜ್ವರ ಎಲ್ಲೀದು! ತಮ್ಮ ಹೆಣೆದು ತಂದಾನೆ. ಹೊದೀದಿದ್ರೆ ಬೇಜಾರು ಮಾಡ್ಕಂತಾನೆ" ಎಂದು ಅಕ್ಕ ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಟಿದಳು. ನಾನೂ ಬಲು ಬೇಜಾರಿನವನಂತೆ ಮುಖ ಮಾಡಿದೆ.

"ಬಣ್ಣ ಏನ್ ಒಪ್ತತೆ ನಿಂಗೆ!" ಎಂದಳು ಆಕೆ.

ಅಕ್ಕನ ಮುಖ ಅರಳಿದ್ದನ್ನು ನಾನು ಆರು ವರ್ಷಗಳ ಮೇಲೆ ನೋಡಿದೆ. ಕಣ್ಣು ತುಂಬಿ ಬಂತು, ಬೆವರು ಒರೆಸಿಕೊಳ್ಳುವ ನೆಪ ಮಾಡಿದೆ. ನಾನು ಬಸ್ಸಿಗೆ ಹೊರಟಾಗಲೂ ಅವಳು ಹೊದಿಕೆ ತೆಗೆದಿರಲಿಲ್ಲ. ಹಣೆಯಿಂದ ಬೆವರು ಧಾರಾಕಾರ ಇಳಿಯುತ್ತಿತ್ತು.

"ಲೋ, ಇದು ಬಾಳ ಸೆಕೆ ಆಗ್ತತೆ. ತೆಳ್ಳಗೆ ಇನ್ನೊಂದು ಹೆಣಿ" ಎಂದಳು. "ಬಣ್ಣ ಮಾತ್ರ ಬದಲು ಮಾಡಬ್ಯಾಡ."