ಹೆಬ್ಬೆರಳಿನ ತಪಾಸಣೆ

ಪುಕ್ಕಟೆ ಕೆಲಸ ಮಾಡುವವರನ್ನು ಕಂಡರೆ ಆ ಮನೆಯ ಸೊಸೆಗೆ ಮೈಯೆಲ್ಲ ಕಣ್ಣಾಗುತ್ತಿತ್ತು. ತಪ್ಪು ಅವಳದಲ್ಲ ಬಿಡಿ. ಹದಿನಾಲ್ಕು ವರ್ಷದಿಂದ ಆಸ್ತಿ ನೋಂದಣಿ ಕಚೇರಿಯಲ್ಲಿ ಗುಮಾಸ್ತೆ. ಹಾಸಿಗೆ ಹಿಡಿದ ಮುದುಕರ ಹೆಬ್ಬೆಟ್ಟು ಎಷ್ಟು ಕಾಗದದ ಮೇಲೆ ಬಿದ್ದು ಎಷ್ಟು ಮನೆ ಕೈಬದಲಾಗಿದ್ದವೋ, ಎಲ್ಲ ಅವಳ ಮೇಜು ದಾಟಿಯೇ ಹೋಗಿದ್ದವು. ಬರೆಸಿಕೊಂಡವರೆಲ್ಲ ಮೊದಲು ಪುಕ್ಕಟೆ ಸೇವೆಗೆಂದೇ ಬಂದವರು.

ಅಂಥವಳ ಮನೆಗೇ ವಾರಕ್ಕೊಮ್ಮೆ, ಬೆಳಿಗ್ಗೆ ಎಂಟೂವರೆಗೆ, ಸಲೂನಿನವನು ಬರತೊಡಗಿದ. ಬೀದಿಯ ತುದಿಯಲ್ಲಿ ಎರಡು ಕುರ್ಚಿಯ ಅಂಗಡಿ ಅವನದು. ಐವತ್ತು ದಾಟಿದ, ಮಾತು ಕಡಿಮೆಯ ಆಳು. ಅಂಗಡಿಗೆ ರಜೆ ಇದ್ದ ದಿನ, ಹಾಸಿಗೆ ಬಿಟ್ಟೇಳಲಾರದವರ ನಾಲ್ಕು ಮನೆ ಸುತ್ತಿ ಕ್ಷೌರ ಮಾಡಿಬರುತ್ತಿದ್ದ. ಕಾಸು ಕೊಡಹೋದರೆ, "ಇವತ್ತು ಅಂಗಡಿ ರಜಾ ಅಲ್ವೇನಮ್ಮ" ಅಂದುಬಿಡುತ್ತಿದ್ದ. ರಜೆಯಂತೆ! ರಜೆ ಇದ್ದರೆ ಮನೆಯಲ್ಲಿ ಕಾಲು ಚಾಚಿ ಮಲಗಬೇಕಪ್ಪ.

ಅವಳ ಮಾವ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಲೇತ್ ಯಂತ್ರದ ಮುಂದೆ ನಿಂತವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ತುಂಡನ್ನು ಬಿಸಾಕಿ ಮತ್ತೆ ಕಡೆಯುತ್ತಿದ್ದರು. ಹೋದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಿತು. ಎಡಗೈ ಏನೋ ಆಡುತ್ತಿತ್ತು, ಆದರೆ ಒಂದೇ ನಡುಕ. ಚೆಲ್ಲುತ್ತಾರೆಂದು ಸೊಸೆ ಕೊಕ್ಕಿನ ಪ್ಲಾಸ್ಟಿಕ್ ಬಟ್ಟಲಲ್ಲಿ ತಾನೇ ಚಹಾ ಕುಡಿಸುತ್ತಿದ್ದಳು, ತಾನೇ ಉಣ್ಣಿಸುತ್ತಿದ್ದಳು. ಹೂವಿನ ಹಾಗೆ ನೋಡಿಕೊಂಡಳು, ಅದರಲ್ಲಿ ಎರಡು ಮಾತಿಲ್ಲ. ಮನೆಯ ಪತ್ರ ಮಾತ್ರ ಇನ್ನೂ ಮಾವನ ಹೆಸರಲ್ಲೇ, ಮಾವನ ಮಂಚದ ಕೆಳಗಿನ ಟ್ರಂಕಿನಲ್ಲೇ ಇತ್ತು.

ಸಲೂನಿನವನು ಕೋಣೆಗೆ ಹೋದವನೇ ಬಾಗಿಲು ಮುಚ್ಚಿಕೊಳ್ಳುತ್ತಿದ್ದ. "ದಿಢೀರಂತ ಯಾರೂ ಒಳಗೆ ಬರ್ಬೇಡಿ, ಕತ್ತಿ ಕೈಲಿರುತ್ತೆ" ಎಂದು ಮೊದಲ ದಿನವೇ ತಾಕೀತು ಮಾಡಿದ್ದ. ಒಂದು ಗಡ್ಡಕ್ಕೆ ಹತ್ತು ನಿಮಿಷ ಧಾರಾಳವಾಯಿತು. ಇವನಿಗೆ ಮುಕ್ಕಾಲು ಗಂಟೆ! ಒಳಗಿನಿಂದ ಮಾತಿಲ್ಲ ಕತೆಯಿಲ್ಲ.

ಇನ್ನು ಅವನ ಮುಖ. ಊರಿಗೆಲ್ಲ ಗಡ್ಡ ಹೆರೆಯುವವನು ತಾನು ಮಾತ್ರ ವಾರದ ಗಡ್ಡ ಬಿಟ್ಟುಕೊಂಡು ಬರುತ್ತಿದ್ದ. ಹೋಗುವಾಗ ನೋಡಿದರೆ ಕೆನ್ನೆ ನುಣ್ಣಗೆ, ಮೇಲೊಂದು ಚೂರು ಹತ್ತಿ. ಗುರುತು ಬದಲಿಸಿಕೊಂಡು ಹೋಗುತ್ತಾನೋ ಏನೋ ಎಂದು ಸೊಸೆ ಅದನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಅವನು ಅತ್ತ ಹೋಗುತ್ತಲೂ ಇವಳು ಒದ್ದೆ ಬಟ್ಟೆ ಹಿಡಿದು, ಕೈ ಒರೆಸುವ ನೆಪದಲ್ಲಿ, ಮಾವನ ಎಡಗೈ ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಶಾಯಿ ಇರುತ್ತಿರಲಿಲ್ಲ. ಆದರೆ ಸೋಪಿನ ವಾಸನೆ ಗಮ್ಮೆನ್ನುತ್ತಿತ್ತು, ಬೆರಳ ಸಂದಿಯಲ್ಲಿ ಒಣಗಿದ ನೊರೆ. ಗಡ್ಡ ಮಾಡಿಸಿಕೊಂಡವರ ಕೈಗೆ ನೊರೆ ಯಾಕೆ ಬಂತು, ನೀವೇ ಹೇಳಿ?

"ಶಾಯಿ ತೊಳ್ದಿದಾನೆ ಕಣ್ರೀ!" ಎಂದಳು ಗಂಡನಿಗೆ.

"ಅನುಮಾನಕ್ಕೂ ಒಂದು ಮಿತಿ ಬೇಡ್ವೇನೇ?" ಎಂದ ಗಂಡ.

"ನೀವು ಸುಮ್ನಿರಿ. ಬೀದಿಗೆ ಬಿದ್ಮೇಲೆ ಮಿತಿ ಇಟ್ಕೊಂಡು ಏನ್ಮಾಡೋಣ?"

ಹೀಗಿರುವಾಗ ಕಚೇರಿಯಲ್ಲೊಂದು ದಿನ, ಅಪ್ಪನ ಮನೆ ಅಪ್ಪನ ಕಾಲೊತ್ತಲು ಬರುತ್ತಿದ್ದವನ ಪಾಲಾಯಿತೆಂದು ಒಬ್ಬ ಗಂಡಸು ಅವಳ ಮೇಜಿನ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಮರುದಿನವೇ ಸಲೂನಿನವನ ಸರದಿ. ಇವತ್ತು ರೆಡ್ ಹ್ಯಾಂಡಾಗಿ ಹಿಡಿದು, ಮತ್ತೆ ಈ ಹೊಸಿಲು ತುಳಿಯಬೇಡ ಎಂದು ಹೇಳಿಯೇಬಿಡುವುದೆಂದು ಸೊಸೆ ಸೆರಗು ಸಿಕ್ಕಿಸಿದಳು. ಇಪ್ಪತ್ತು ನಿಮಿಷ ಬಿಟ್ಟು, ಸದ್ದಾಗದಂತೆ ಬಾಗಿಲು ತಳ್ಳಿದಳು.

ಮಾವ ಮಂಚದ ಅಂಚಿನಲ್ಲಿ ದಿಂಬಿಗೊರಗಿ ಕುಳಿತಿದ್ದರು. ಅವರ ಗಡ್ಡ ಆಗಲೇ ಮುಗಿದಿತ್ತು. ಎದುರಿಗೆ ಮೋಟು ಸ್ಟೂಲಿನ ಮೇಲೆ ಸಲೂನಿನವನು ಕತ್ತು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ ಕುಳಿತಿದ್ದ. ಮುಖದ ತುಂಬ ನೊರೆ. ಕತ್ತಿ ಇದ್ದದ್ದು ಮಾವನ ಎಡಗೈಯಲ್ಲಿ. ಅದು ಅವನ ಗಂಟಲಿನ ಮೇಲಿತ್ತು.

ಅಯ್ಯೋ ಎಂಬ ಕೂಗು ನಾಲಿಗೆಯ ತುದಿಗೆ ಬಂದಿತ್ತು. ಕೂಗಿದರೆ ಕೈ ಹಾರುತ್ತದೆ, ಕೈ ಹಾರಿದರೆ ಅವನ ಕತೆ ಮುಗಿಯುತ್ತದೆ. ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು. ಕತ್ತಿ ಇಷ್ಟಿಷ್ಟೇ ಏರಿತು, ನಿಂತಿತು, ನಡುಗಿತು, ಮತ್ತೆ ಏರಿತು. ಮಾವನ ತುಟಿ ಬಿಗಿದಿತ್ತು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ, ಮಾವ ಕೆಟ್ಟ ಬೀಗ ಬಿಚ್ಚಿ ಕೂರುತ್ತಿದ್ದಾಗ ಇದ್ದ ಮುಖ ಅದು. ಒಂದು ವರ್ಷದಿಂದ ಅದನ್ನವಳು ಕಂಡಿರಲಿಲ್ಲ.

ಕತ್ತಿ ಗದ್ದ ಮುಟ್ಟಿತು. ಮಾವ ಅದನ್ನೆತ್ತಿ ಟವೆಲಿಗೆ ಒರೆಸುತ್ತ ಅವಳನ್ನು ಕಂಡರು. "ಬಾಗ್ಲು!" ಎಂದು ಗದರಿದರು. ತೊದಲಿಲ್ಲ ಏನಿಲ್ಲ. ಸೊಸೆ ಬಾಗಿಲು ಹಾಕಿಕೊಂಡು ಹೊರಗೆ ಬಂದಳು.

ಕೆಲಸ ಮುಗಿಸಿ ಬಂದವನನ್ನು ನಡುಮನೆಯಲ್ಲಿ ಅಡ್ಡಗಟ್ಟಿದಳು. "ನಿಮಗೇನು ತಲೆ ಕೆಟ್ಟಿದ್ಯಾ? ಒಂಚೂರು ಜಾರಿದ್ರೆ?"

"ಮೊದ್ಲು ಜಾರ್ತಿತ್ತಮ್ಮ. ಈಗ ಕಮ್ಮಿ" ಎಂದು ಕೆನ್ನೆಯ ಹತ್ತಿ ಒತ್ತಿಕೊಂಡ.

"ಬ್ಲೇಡ್ ತೆಗೆದು ಕೊಡೋಕಾಗಲ್ವಾ?"

"ಮೊದಲ್ನೇ ವಾರ ಹಾಗೇ ಕೊಟ್ಟೆ. ತಿಳ್ಕೊಂಡು ಎಸೆದ್ಬಿಟ್ರು. ಲೇತ್ ಕೆಲಸದವ್ರಿಗೆ ಟೋಪಿ ಹಾಕೋಕಾಗುತ್ತಾ?"

ಆಮೇಲೆ, ಚಪ್ಪಲಿ ಮೆಟ್ಟುತ್ತ, ಅವಳ ಮುಖ ನೋಡದೆ ಹೇಳಿದ. "ನಮ್ಮಪ್ಪಂದೂ ಇದೇ ಕಸುಬು. ಮಲಗಿದ್ದಾಗ ಎರಡು ವರ್ಷ ನಾನೇ ಗಡ್ಡ ಮಾಡ್ದೆ, ನಾನೇ ಉಣ್ಣಿಸ್ದೆ. ಒಂದ್ಸಲ ಕತ್ತಿ ಕೊಡೋ, ನಿಂಗೆ ನಾನು ಮಾಡ್ತೀನಿ ಅಂದ್ರು. ಕೈ ನಡುಗುತ್ತೆ, ಸುಮ್ನೆ ಮಲ್ಕೋ ಅಂದೆ. ಆಮೇಲೆ ಅವ್ರು ಏನೂ ಕೇಳ್ಲಿಲ್ಲ ಕಣಮ್ಮ. ಕೊನೇತನಕ."

"ಎಲ್ಲಾ ಮನೇಲೂ ಹೀಗೇನಾ?"

"ಅಷ್ಟೊಂದು ಗಡ್ಡ ಎಲ್ಲಿಂದ ತರ್ಲಿ? ಇರೋದೊಂದು ಮುಖ. ಇನ್ನೊಂದು ಮನೇಲಿ ಅವ್ರ ಕೈಲಿ ಉಗುರು ಕತ್ತರಿಸ್ಕೋತೀನಿ. ಮತ್ತೊಂದ್ರಲ್ಲಿ ಅಜ್ಜಿ ನನ್ ತಲೆ ಬಾಚ್ತಾರೆ." ಚೀಲ ಹೆಗಲಿಗೇರಿಸಿ ಹೊರಟುಹೋದ.

ಸೊಸೆ ಕೋಣೆಗೆ ಬಂದು ಮೊದಲು ಟ್ರಂಕಿನ ಬೀಗ ಎಳೆದು ನೋಡಿದಳು. ಹದಿನಾಲ್ಕು ವರ್ಷದ ಚಾಳಿ ಒಂದೇ ದಿನಕ್ಕೆ ಹೋದೀತೇ? ಬೀಗ ಭದ್ರವಾಗಿತ್ತು. ಆಮೇಲೆ ಕೊಕ್ಕಿನ ಬಟ್ಟಲಲ್ಲಿ ಚಹಾ ತಂದಳು.

ಅವಳು ಹತ್ತಿರ ಬಂದದ್ದೇ ತಡ, ಮಾವ ತಾವಾಗಿ ಎಡಗೈ ಎತ್ತಿ, ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಅವಳ ಮುಂದೆ ಹಿಡಿದರು. ಅವಳು ಕೇಳಿರಲಿಲ್ಲ, ಒದ್ದೆ ಬಟ್ಟೆಯೂ ಕೈಯಲ್ಲಿರಲಿಲ್ಲ. ಅಂದರೆ ಇಷ್ಟು ವಾರವೂ ಮಾವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆರಳು ಕೊಡುತ್ತಿದ್ದರು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಸೊಸೆಗೆ. ಬಟ್ಟಲನ್ನು ತೆಗೆದುಕೊಂಡು ಅಡುಗೆಮನೆಗೆ ಹೋಗಿ, ಚಹಾವನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ತಂದು ಆ ಕೈಯಲ್ಲಿಟ್ಟಳು. ಅರ್ಧ ಚೆಲ್ಲಿತು. ಉಳಿದರ್ಧವನ್ನು ಮಾವ ತಾವೇ ಕುಡಿದರು. ಅವಳು ಒರೆಸಲು ಏಳದೆ ಅಲ್ಲೇ ಕುಳಿತಿದ್ದಳು.