ಶವಪೆಟ್ಟಿಗೆಯ ಮುಂದೆ ಫಿಲೋಮಿನಮ್ಮ

ಕೊರೊನಾ ಮುಗಿದ ಮರುವರ್ಷ ನಾನೊಂದು ಧಾರಾವಾಹಿಯ ಸಂಚಿಕೆ ನಿರ್ದೇಶಕನಾಗಿದ್ದೆ. ಚನ್ನಪಟ್ಟಣದಿಂದ ಲಂಡನ್ನಿಗೆ ಹೋಗಿ ನೆಲೆಸಿದ ಕ್ರೈಸ್ತ ಕುಟುಂಬದ ಕಥೆ ಅದು. ನಮ್ಮ ಲಂಡನ್ ಇದ್ದದ್ದು ರಾಮನಗರದ ಹೊರವಲಯದ ಬಾಡಿಗೆ ಮನೆಯಲ್ಲಿ. ಕಿಟಕಿಯಲ್ಲಿ ತೆಂಗಿನಮರ ಕಾಣುತ್ತದೆಂದು ಹಗಲೆಲ್ಲ ಪರದೆ ಎಳೆದು, ಏಪ್ರಿಲ್ ಸೆಕೆಯಲ್ಲಿ ಕಲಾವಿದರಿಗೆಲ್ಲ ಸ್ವೆಟರ್ ತೊಡಿಸಿ ಬೇಯಿಸುತ್ತಿದ್ದೆವು.

ಅಜ್ಜಿಯ ಪಾತ್ರ ಮಾಗಡಿ ಕಡೆಯ ಫಿಲೋಮಿನಮ್ಮನವರದು. ನಿಜಜೀವನದಲ್ಲೂ ಅವರು ಕ್ರೈಸ್ತರೇ. ಅಜ್ಜನಾಗಿದ್ದವರು ಬೈರಾಪಟ್ಟಣದ ರೈತ ಸಿದ್ದೇಗೌಡರು, ಊರ ನಾಟಕಗಳಲ್ಲಿ ಪಳಗಿದವರು. ಅಂದಿನ ದೃಶ್ಯದಲ್ಲಿ ಅಜ್ಜ ತೀರಿಕೊಂಡಿದ್ದಾನೆ. ಅಜ್ಜಿ ಶವಪೆಟ್ಟಿಗೆಯ ಮುಂದೆ ಕೊರಳ ಶಿಲುಬೆ ಕಿತ್ತೆಸೆದು, ದೇವರೇ ಇಲ್ಲವೆಂದು ಕಿರುಚಬೇಕು. ಪ್ರೋಮೋಗೆ, ಅಂದರೆ ಮುಂದಿನ ಸಂಚಿಕೆಗೆ ಆಸೆ ಹುಟ್ಟಿಸುವ ತುಣುಕಿಗೆ, ಅದೇ ಬೇಕೆಂದು ಚಾನೆಲ್‌ನವರು ಫೋನಿನಲ್ಲಿ ನನ್ನ ಜೀವ ತಿನ್ನುತ್ತಿದ್ದರು.

ಶಾಟ್ ರೆಡಿಯಾದಾಗ ಫಿಲೋಮಿನಮ್ಮ ನನ್ನ ಪಕ್ಕಕ್ಕೆ ಬಂದರು.

"ಸಾರ್, ಕಿತ್ತೆಸೆಯೋದು ಕೆಲ್ಸ, ಮಾಡ್ತೀನಿ. ಆದ್ರೆ ಕೊರೊನಾದಾಗೆ ನಮ್ ಯಜಮಾನ್ರ ಮುಖ ನೋಡಕ್ಕೂ ಬುಡ್ನಿಲ್ಲ. ಗುಂಡಿಗೆ ಒಂದಿಡಿ ಮಣ್ಣೂ ಹಾಕ್ನಿಲ್ಲ ನಾನು. ಅವ್ರಿಗೆ ಹೇಳ್ಬೇಕಾಗಿದ್ದ ಪ್ರಾರ್ಥನೆ ಹಂಗೇ ಉಳ್ಕಂಡೈತೆ. ಮೊದ್ಲು ಒಂದ್ಸಲ ಅದ್ನ ಹೇಳ್ಬುಡ್ಲಾ?"

ಮೊದಲು ನನಗೆ ಸಿಟ್ಟೇ ಬಂತು, ಅಷ್ಟು ಕೆಲಸ ಬಾಕಿಯಿತ್ತು. ಆಮೇಲೆ ಅವರ ಮುಖ ನೋಡಿದೆ. "ಹೇಳಿ ಅಮ್ಮ" ಎಂದು, ಕ್ಯಾಮೆರಾ ಓಡಿಸಲು ಸನ್ನೆ ಮಾಡಿದೆ.

ಅವರು ಮಂಡಿಯೂರಿ, ಶಿಲುಬೆಯ ಗುರುತು ಹಾಕಿಕೊಂಡು, ಪೆಟ್ಟಿಗೆಯ ಅಂಚಿಗೆ ಕೈಯಿಟ್ಟರು. ಅಗಲಿದವರಿಗಾಗಿ ಹೇಳುವ ಪ್ರಾರ್ಥನೆಯನ್ನು ಮೆಲ್ಲಗೆ ಶುರು ಮಾಡಿದರು. ಅಜ್ಜನ ಹೆಸರು ಬರಬೇಕಾದಲ್ಲಿ ಅಂತೋಣಪ್ಪ ಎಂದರು. ಅದು ಅವರ ಯಜಮಾನರ ಹೆಸರು. ನನ್ನ ಕಣ್ಣು ತುಂಬಿ ಮಾನಿಟರ್ ಮಂಜಾಯಿತು.

ಶಿಲುಬೆ ಕೀಳುವ ಶಾಟನ್ನು ನಾನು ತೆಗೆಯಲೇ ಇಲ್ಲ. ಚಾನೆಲ್‌ನವರಿಂದ ಚೆನ್ನಾಗಿ ಬೈಸಿಕೊಂಡೆ. ಪ್ರಾರ್ಥನೆಯೇ ಪ್ರಸಾರವಾಯಿತು.

ನಮ್ಮಲ್ಲೊಂದು ರೂಢಿಯಿದೆ. ಸತ್ತಂತೆ ನಟಿಸಿದವರನ್ನು ಎಬ್ಬಿಸಿ, ನಗಿಸಿ, ಅದನ್ನೂ ಕ್ಯಾಮೆರಾದಲ್ಲಿ ಹಿಡಿಯಬೇಕು. ಇಲ್ಲದಿದ್ದರೆ ಅಪಶಕುನ. ಪೆಟ್ಟಿಗೆಯಲ್ಲಿ ಹೆಣವಾಗಿ ಮಲಗಿದ್ದ ಸಿದ್ದೇಗೌಡರು ಎದ್ದೇನೋ ಕುಳಿತರು, ಆದರೆ ಗಳಗಳನೆ ಅಳುತ್ತಿದ್ದರು. ಯಾರು ಏನು ಮಾಡಿದರೂ ನಗು ಬರಲೊಲ್ಲದು. ಕಡೆಗೆ ಫಿಲೋಮಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಹೋದರು.

"ನಗಿ ಗೌಡ್ರೇ. ನನ್ ಪ್ರಾರ್ಥನೆಗೆ ಎದ್ ಕೂತೋರು ನೀವೊಬ್ರೇ!"

ಗೌಡರು ಅಳುತ್ತಲೇ ನಕ್ಕರು. ಅವರನ್ನು ನೋಡಿ ಫಿಲೋಮಿನಮ್ಮನೂ ನಕ್ಕರು, ಆ ಸೆಟ್ಟಿಗೆ ಬಂದ ಮೇಲೆ ಮೊದಲ ಸಲ. ಇಬ್ಬರ ನಗುವೂ ತಾನಾಗಿ ನಿಲ್ಲುವವರೆಗೆ ನಾನು ಕಟ್ ಹೇಳಲಿಲ್ಲ. ಯಾವಾಗ ಹೇಳಬಾರದು ಎಂಬುದನ್ನು ಈ ಕೆಲಸ ನನಗೆ ಕಲಿಸಿದ್ದು ಅವತ್ತೇ.